ಹಿಂದಕ್ಕೆ ಮುಖ ಮಾಡಿದ ಸೀಟು

ನಮ್ಮ ಮಾವನಿಗೆ ಜೆಟ್ಟಿಯಲ್ಲಿ ಬಾಯಿಬೀಗ ಅಂತ ಅಡ್ಡಹೆಸರು. ಇವತ್ತು ಮೀನು ಎಲ್ಲಿ ಸಿಕ್ಕಿತು ಎಂದು ಯಾರಾದರೂ ಕೇಳಿದರೆ "ನೀರಲ್ಲಿ" ಅನ್ನುವ ಮನುಷ್ಯ. ಬೆಳಿಗ್ಗೆ ದೋಣಿ ಬಿಡುವಾಗ ದಡದಲ್ಲಿ ಯಾರಾದರೂ ನಿಂತಿದ್ದರೆ ಹೊರಡುತ್ತಲೇ ಇರಲಿಲ್ಲ. ಇಂಜಿನ್ನಿನಲ್ಲಿ ಇಲ್ಲದ ರಿಪೇರಿ ಹುಡುಕುತ್ತ, ಸುತ್ತಿದ ಹಗ್ಗವನ್ನೇ ಬಿಚ್ಚಿ ಮತ್ತೆ ಸುತ್ತುತ್ತ, ಆ ಮನುಷ್ಯ ಬೇಸತ್ತು ಹೋಗುವವರೆಗೂ ಕೂತಿರುತ್ತಿದ್ದರು. ಆಮೇಲಾದರೂ ನೇರ ಹೋಗುತ್ತಿದ್ದರೇ? ಇಲ್ಲ. ಬೇಕೆಂದೇ ಎಡಕ್ಕೆ ಹೊರಟು, ದಡದವರ ಕಣ್ಣು ತಪ್ಪಿದ ಮೇಲೆ ಬಲಕ್ಕೆ ತಿರುಗಿಸುತ್ತಿದ್ದರು. ಇಂಥವರು ಒಂದು ದಿನ ಬಡಗಿಯನ್ನು ಕರೆಸಿ, ದೋಣಿಯ ಹಿಂಭಾಗದಲ್ಲಿ ಮೆತ್ತನೆಯ ಸೀಟು ಕೂರಿಸು, ಪ್ಯಾಸೆಂಜರ್ ಕೂರಬೇಕು ಅಂದರೆ ಮನೆಯವರ ಕಿವಿ ನೆಟ್ಟಗಾಗದೆ ಇರುತ್ತದೆಯೇ?

ರಾತ್ರಿ ಊಟಕ್ಕೆ ಕೂತಾಗ ಅತ್ತೆಯೇ ಶುರು ಮಾಡಿದರು. ಅವರಿಗೆ ಮೊಣಕಾಲು ನೋವು. ನೆಲಕ್ಕೆ ಕೂತರೆ ಏಳಲಾಗದು, ಎತ್ತರದ ಕುರ್ಚಿಯಲ್ಲಿ ಕೂತರೆ ಕಾಲು ಜೋತುಬಿದ್ದು ಊದುತ್ತದೆ. ಅದಕ್ಕೇ ಅಡುಗೆಮನೆಯಲ್ಲಿ ಅವರ ಅಳತೆಗೆ ಮಾಡಿಸಿದ ಒಂದು ತಗ್ಗಿನ ಕುರ್ಚಿ ಇದೆ. ಅದರಲ್ಲಿ ಬೇರೆ ಯಾರೂ ಕೂರುವ ಹಾಗಿಲ್ಲ, ಆ ಮನೆಗೆ ಬಂದ ಹೊಸದರಲ್ಲಿ ನಾನು ಕೂತು ಬೈಸಿಕೊಂಡಿದ್ದೇನೆ. ಅದರ ಮೇಲೆ ಕೂತು ಅನ್ನ ಬಡಿಸುತ್ತ ಕೇಳಿದರು:

"ಪ್ಯಾಸೆಂಜರ್ ಅಂದ್ರೆ ಯಾರು?"

"ಬರ್ತಾರೆ," ಅಂದರು ಮಾವ.

"ಎಲ್ಲಿಂದ ಬರ್ತಾರೆ? ಮೀನಿನ ದೋಣೀಲಿ ವಾಸನೆ ಕುಡ್ಕೊಂಡು ಕೂರೋಕೆ ಯಾರಿಗೆ ಹುಚ್ಚು ಹಿಡಿದಿದೆ?"

"ಲಾಡ್ಜಿಗೆ ಜನ ಬರ್ತಾರಲ್ಲ. ಸಮುದ್ರ ತೋರಿಸಿ ಅಂತಾರೆ."

"ಹಿಂಭಾಗದಲ್ಲಿ ಸೀಟು ಬಂದ್ರೆ ಬಲೆ ಎಲ್ಲಿಡ್ತೀಯಪ್ಪಾ?" ಅಂದರು ಇವರು, ಅಂದರೆ ನನ್ನ ಗಂಡ, ತಟ್ಟೆಯಿಂದ ತಲೆ ಎತ್ತದೆ.

"ದೋಣಿ ಬಿಟ್ಟೋನಿಗೆ ಬಲೆ ಚಿಂತೆ ಯಾಕೆ?"

"ನಾನು ಬಿಡಲಿಲ್ಲ. ನೀನು ಇಳಿಸಿದ್ದು."

ಅಲ್ಲಿಗೆ ಊಟ ಮುಗಿಯಿತು. ಮಾವ ಮೀನನ್ನು ಮುಟ್ಟಿಯೇ ಇರಲಿಲ್ಲ, ತಟ್ಟೆಯ ಅಂಚಿಗೆ ತಳ್ಳಿ ಬರೀ ಸಾರು ಕಲಸಿಕೊಂಡು ಉಂಡಿದ್ದರು. ಮೀನಿನ ಮುಳ್ಳು ಬಿಡಿಸುವುದರಲ್ಲಿ ಎತ್ತಿದ ಕೈ ಅವರದು, ಮಾತಾಡುತ್ತ ಮಾತಾಡುತ್ತ ಒಂದು ಮುಳ್ಳೂ ಉಳಿಸದೆ ಎತ್ತುತ್ತಿದ್ದರು. ಈಚೆಗೆ ಮೀನೇ ಬೇಡವಾಗಿತ್ತು. ಮೀನಿನ ಅಡುಗೆ ನನ್ನದು, ಅದಕ್ಕೇ ಬೇಡ ಅಂದುಕೊಂಡೆ. ಎದುರಿಗೆ ಹಾದುಹೋದರೂ ನಾನೊಂದು ಗೋಡೆಯೇನೋ ಅನ್ನುವ ಹಾಗೆ ದಾಟಿ ಹೋಗುತ್ತಿದ್ದರು. ಯಾಕೆ ಅಂತ ನನಗೆ ಗೊತ್ತು ಅಂತಲೇ ತಿಳಿದಿದ್ದೆ. ಆ ಮನೆಯಲ್ಲಿ ನನ್ನ ಹೆಸರು ಕಳ್ಳಿ.

ಏನು ಕದ್ದೆ ಅಂತ ಹೇಳಿಬಿಡುತ್ತೇನೆ. ಸಮುದ್ರದ ತಳದಲ್ಲಿ ಅಲ್ಲಲ್ಲಿ ಬಂಡೆಗಳಿರುತ್ತವೆ. ಒಳ್ಳೆಯ ಮೀನು ಇರುವುದು ಅಲ್ಲಿ. ಮೇಲಿಂದ ನೋಡಿದರೆ ಎಲ್ಲ ನೀರೂ ಒಂದೇ. ಆ ಜಾಗ ಹುಡುಕುವುದು ದಡವನ್ನು ನೋಡಿ. ಹೋಗುತ್ತ ಹೋಗುತ್ತ ಹಿಂದಕ್ಕೆ ತಿರುಗಿ, ದಡದ ಮೇಲಿನ ಒಂದು ವಸ್ತು ಇನ್ನೊಂದರ ನೇರಕ್ಕೆ ಬರುವುದನ್ನು ಕಾಯಬೇಕು. ಇನ್ನೊಂದು ಕಡೆ ಹಾಗೇ ಮತ್ತೆರಡು ಕೂಡಬೇಕು. ಎರಡೂ ಕೂಡಿದ ಕಡೆ ಲಂಗರು. ಸ್ವಲ್ಪ ಆಚೀಚೆ ಆದರೆ ಮರಳು, ಬರಿಗೈ. ಇದಕ್ಕೆ ಗುರುತು ಅನ್ನುತ್ತಾರೆ. ಒಂದೊಂದು ಮನೆಗೆ ಒಂದೊಂದು ಗುರುತು, ಅದನ್ನು ಹೆಂಡತಿಗೂ ಹೇಳುವುದಿಲ್ಲ. ಮಗನಿಗೆ ಕೊಡುವುದು ದೋಣಿ ಬಿಟ್ಟುಕೊಡುವ ದಿನ. ಇವರು ಮೀಸೆ ಬರುವ ಮುಂಚಿನಿಂದ ಅಪ್ಪನ ಜೊತೆ ಹೋಗುತ್ತಿದ್ದರೂ ಮುಂದಕ್ಕೆ ಮುಖ ಮಾಡಿ ಗಾಳಕ್ಕೆ ಎರೆಯ ಸಣ್ಣ ಮೀನು ಸಿಕ್ಕಿಸುತ್ತ ಕೂರಬೇಕಿತ್ತು. ಹಿಂದೆ ತಿರುಗಿದರೆ ಬೈಗಳು. ಜಾಗವನ್ನು ಫೋನಿನಲ್ಲಿ ಇಟ್ಟುಕೊಳ್ಳಬಹುದಪ್ಪಾ ಎಂದು ಒಮ್ಮೆ ಹೇಳಿ ನೋಡಿದ್ದರು. "ಕಂಡೋರೆಲ್ಲ ಬೆರಳು ಹಾಕೋ ಡಬ್ಬಿ ಅದು," ಅಂದಿದ್ದರು ಮಾವ.

ಈ ಸಲ ಮೀನುಗಾರಿಕೆ ಶುರುವಾದ ಹೊಸದರಲ್ಲಿ ಒಂದು ದಿನ ಅಪ್ಪ ಮಗ ಹೋಗಿ ನೋಡುತ್ತಾರೆ, ಅವರ ಜಾಗದಲ್ಲಿ ನನ್ನಣ್ಣನ ದೋಣಿ ನಿಂತಿದೆ. ಮಾವ ಎದ್ದು ನಿಂತು ಬಾಯಿಗೆ ಬಂದ ಹಾಗೆ ಬೈದರು. ನನ್ನಣ್ಣನೇನು ಕಮ್ಮಿಯೇ? "ಇದು ನಮ್ಮಪ್ಪನ ಜಾಗ, ನೀವು ಇಲ್ಲಿ ಯಾಕೆ ಬಂದ್ರಿ," ಅಂತ ತಿರುಗಿ ಬೈದ. ಆಗ ಇವರು, ಅಷ್ಟು ವರ್ಷ ಹೋಗಿಬಂದ ಅಂದಾಜಿನ ಮೇಲೆ, ಮೆಲ್ಲಗೆ, "ಅಪ್ಪಾ, ನಮ್ಮದು ಇನ್ನೂ ಸ್ವಲ್ಪ ಆಚೆ ಅಲ್ವಾ?" ಅಂದರಂತೆ. ಮಾವ ತಿರುಗಿ ಕೇಳಿದ್ದು ಒಂದೇ ಮಾತು: "ನಿನಗೆ ಹೇಗೆ ಗೊತ್ತು?"

ಆ ಒಂದು ಪ್ರಶ್ನೆ ಮನೆಯನ್ನು ಒಡೆಯಿತು. ಮಗ ಕದ್ದು ನೋಡಿದ್ದಾನೆ, ಹೆಂಡತಿಗೆ ಹೇಳಿದ್ದಾನೆ, ಅವಳು ತವರಿಗೆ ಮುಟ್ಟಿಸಿದ್ದಾಳೆ. ಮಾವ ಲೆಕ್ಕ ಹಾಕಿದ್ದು ಹೀಗೆ. ಮರುದಿನ ಇವರನ್ನು ದೋಣಿಯಿಂದ ಇಳಿಸಿದರು. ಅಂದಿನಿಂದ ಇವರು ಐಸ್ ಫ್ಯಾಕ್ಟರಿಯಲ್ಲಿ ಗೋಣಿ ಹೊದ್ದುಕೊಂಡು ಐಸ್ ಹೊರುತ್ತಿದ್ದಾರೆ, ಮಾವ ಒಬ್ಬರೇ ದೋಣಿ ತೆಗೆದುಕೊಂಡು ಹೋಗಿ ಅರ್ಧ ಬುಟ್ಟಿ ತರುತ್ತಿದ್ದಾರೆ. ನನ್ನಣ್ಣ ನಮ್ಮ ಬೀದಿಗೇ ಕಾಲಿಡುತ್ತಿಲ್ಲ. ನಾನು ಹೇಳಿಲ್ಲ ಅಂದರೆ ಕೇಳುವವರಾರು? ಈ ಕಳ್ಳಿ ಅನ್ನುವ ಹೆಸರು ಹೋಗದೆ ಆ ಮನೆಯಲ್ಲಿ ನನಗೆ ಗಂಟಲಲ್ಲಿ ಅನ್ನ ಇಳಿಯುತ್ತಿರಲಿಲ್ಲ.

ಅಂಥದರಲ್ಲಿ ಈ ಸೀಟು.

ಬಡಗಿ ಕೆಲಸ ಶುರು ಮಾಡಿದ ಮೂರನೆಯ ದಿನ ಅತ್ತೆಯ ಕುರ್ಚಿ ಕಾಣೆಯಾಯಿತು. ಅತ್ತೆ ಇಡೀ ಬೆಳಿಗ್ಗೆ ಒಲೆಯ ಮುಂದೆ ನಿಂತೇ ಅಡುಗೆ ಮಾಡಿ, ನಿಂತೇ ಶಪಿಸಿದರು. ಸಂಜೆ ಮಾವ ಅದನ್ನು ತಲೆಯ ಮೇಲೆ ಹೊತ್ತುಕೊಂಡು ಬಂದರು.

"ಎಲ್ಲಿಗೆ ಹೋಗಿತ್ತು ನನ್ನ ಕುರ್ಚಿ?"

"ಬಡಗಿಗೆ ಬೇಕಾಗಿತ್ತು. ಅಳತೆಗೆ."

"ಯಾವಳೋ ಕೂರೋ ಸೀಟಿಗೆ ನನ್ನ ಕುರ್ಚಿ ಅಳತೆಯಾ?"

"ಯಾವಳೋ ಅಂತ ಯಾರು ಹೇಳಿದ್ದು?"

"ಯಾವನೋ ಅಂತಲೂ ನೀವು ಹೇಳಲಿಲ್ಲವಲ್ಲ!"

ಮಾವ ಬಾಯಿಗೆ ಬೀಗ ಹಾಕಿಕೊಂಡು ಕೈಕಾಲು ತೊಳೆಯಲು ಹೋದರು.

ಮರುದಿನ ಬಡಗಿಗೆ ಚಹಾ ಕೊಡುವ ನೆಪದಲ್ಲಿ ನಾನು ಜೆಟ್ಟಿಗೆ ಹೋದೆ. ಮಾವ ಇರಲಿಲ್ಲ. ಸೀಟು ಅರ್ಧ ಎದ್ದಿತ್ತು. ದೋಣಿಯ ನಡುವಿನ ಇಂಜಿನ್ ಪೆಟ್ಟಿಗೆಗೆ ಬೆನ್ನು ಕೊಟ್ಟು, ಚುಕ್ಕಾಣಿಯ ಕಡೆಗೆ, ಅಂದರೆ ಹಿಂದಕ್ಕೆ ಮುಖ ಮಾಡಿ ಕೂತಿತ್ತು.

"ತಿರುಗು ಮುರುಗು ಆಗಿದೆಯಲ್ಲ," ಅಂದೆ.

"ಅದನ್ನೇ ನಾನೂ ಕೇಳಿದ್ದು ಅಮ್ಮಾ," ಅಂದ ಬಡಗಿ. "ಎಷ್ಟೋ ದೋಣಿಗೆ ಸೀಟು ಕೂರಿಸಿದೀನಿ, ಎಲ್ಲ ಮುಂದೆ ನೋಡ್ತವೆ. ನಿಮ್ಮ ಮಾವ ಇಲ್ಲ ಇಲ್ಲ, ಮುಖ ಹಿಂದಕ್ಕೇ ಇರಲಿ ಅಂತಾರೆ. ಸಮುದ್ರ ನೋಡೋಕೆ ದುಡ್ಡು ಕೊಟ್ಟು ಬಂದೋರು ಊರು ನೋಡ್ಕೊಂಡು ಹೋಗಬೇಕಾ?"

"ಮತ್ತೆ ಒಂದೇ ಸೀಟಾ?"

"ಒಂದೇ. ಕೈ ಇಡೋಕೆ ಎರಡೂ ಕಡೆ ಹಿಡಿ ಬೇಕಂತೆ, ಕಾಲಿಗೆ ಹಲಗೆ ಬೇಕಂತೆ. ಸ್ಪಂಜು ಇನ್ನೂ ದಪ್ಪ ಹಾಕು ಅಂತಾರೆ. ನನ್ನ ಮದುವೆ ಮಂಚಕ್ಕೂ ಇಷ್ಟು ಸ್ಪಂಜು ಹಾಕಿರಲಿಲ್ಲ ನಾನು."

ಒಂದೇ ಸೀಟು, ಒಬ್ಬರೇ ಪ್ಯಾಸೆಂಜರ್, ಅದೂ ದೋಣಿ ನಡೆಸುವವನ ಮುಖ ನೋಡುತ್ತ ಕೂರುವ ಹಾಗೆ. ಮನೆಗೆ ಬಂದು ಇದನ್ನು ಅತ್ತೆಗೆ ಹೇಳಬಾರದಿತ್ತು. ಹೇಳಿದೆ. ನನಗೂ ಸಿಟ್ಟಿತ್ತು, ಹುಳಿ ಹಿಂಡುವ ಅವಕಾಶ ಬಿಡುವಷ್ಟು ದೊಡ್ಡ ಮನಸ್ಸು ಆಗ ಇರಲಿಲ್ಲ.

ಅತ್ತೆ ಒಗೆಯುತ್ತಿದ್ದ ಬಟ್ಟೆಯನ್ನು ಅಲ್ಲೇ ಬಿಟ್ಟರು. "ಲಾಡ್ಜಿನವಳು," ಅಂದರು.

ಜೆಟ್ಟಿಯ ಎದುರಿಗೆ ಈ ಸಲದ ಮೀನುಗಾರಿಕೆಗೆ ಸ್ವಲ್ಪ ಮುಂಚೆಯಷ್ಟೇ ಒಂದು ಲಾಡ್ಜ್ ಎದ್ದಿತ್ತು, ನಾಲ್ಕು ಮಹಡಿ, ಕಣ್ಣಿಗೆ ಹೊಡೆಯುವ ಬಿಳಿ ಬಣ್ಣ. ನಡೆಸುವವಳು ಗಂಡನಿಲ್ಲದ ಹೆಂಗಸು, ಸಂಜೆ ಮಹಡಿಯ ಮೇಲೆ ಕೂತು ಕಾಫಿ ಕುಡಿಯುತ್ತಾಳೆ. ಅವಳ ಪಾಡು ಅವಳಿಗೆ. ಆದರೆ ಮಾವ ಹೋಗುವಾಗ ಬರುವಾಗ ಕಣ್ಣು ಕಿರಿದು ಮಾಡಿಕೊಂಡು ಆ ಲಾಡ್ಜಿನ ಕಡೆಗೇ ನೋಡುತ್ತಿರುತ್ತಾರೆ ಅಂತ ಐಸ್ ಫ್ಯಾಕ್ಟರಿಯವರೆಲ್ಲ ನಗುತ್ತಾರೆ ಅನ್ನುವುದನ್ನು ಇವರೇ ಮನೆಯಲ್ಲಿ ಹೇಳಿದ್ದರು.

"ನಾನು ಇಷ್ಟು ವರ್ಷ ಸಂಸಾರ ಮಾಡಿದೀನಿ," ಅಂದರು ಅತ್ತೆ. "ಒಂದು ದಿನ ಆ ದೋಣೀಲಿ ಕೂರಿಸಿಲ್ಲ ನನ್ನ. ಮೀನು ಕ್ಲೀನ್ ಮಾಡೋಕೆ ನಾನು, ಸ್ಪಂಜಿನ ಮೇಲೆ ಕೂರೋಕೆ ಅವಳು." ಹೇಳುತ್ತಾ ಹೇಳುತ್ತಾ ಅತ್ತುಬಿಟ್ಟರು. ಅತ್ತೆ ಅಳುವುದನ್ನು ನಾನು ನೋಡಿದ್ದು ಅದೇ ಮೊದಲು.

ಇವರ ಅನುಮಾನ ಬೇರೆ. "ಹೆಣ್ಣೂ ಇಲ್ಲ ಮಣ್ಣೂ ಇಲ್ಲ," ಅಂದರು. "ದೋಣೀನ ಮಾರ್ತಾನೆ. ಸೀಟು ಗೀಟು ಇದ್ರೆ ಒಳ್ಳೆ ಗಿರಾಕಿ ಬರ್ತಾನೆ. ನನಗೆ ಕೊಡಬಾರದು, ಅಷ್ಟೇ. ಬಲೆ ತಗೊಳ್ಳೋಕೆ ಇಟ್ಟಿದ್ದ ದುಡ್ಡು ರೆಕ್ಸಿನ್ನಿಗೆ ಹೋಯ್ತು." ಆಮೇಲೆ ಅಂಗಿ ಮಡಿಸುತ್ತಿದ್ದ ನನ್ನ ಕೈಯನ್ನೇ ನೋಡುತ್ತ, "ನಿಜ ಹೇಳು. ನಾನು ಯಾವತ್ತಾದ್ರೂ ಮಾತಿನ ಮಧ್ಯೆ ಏನಾದ್ರೂ ಅಂದಿದ್ನಾ? ನೀನೇನಾದ್ರೂ ನಿಮ್ಮಣ್ಣನಿಗೆ..." ಅಂದರು.

"ನೀವೂನಾ?" ಅಂದೆ.

"ಕೇಳಿದೆ ಅಷ್ಟೆ."

ಮಾವ ಕಳ್ಳಿ ಅಂದಾಗ ಸಿಟ್ಟು ಬಂದಿತ್ತು. ಇವರು ಕೇಳಿದ್ದನ್ನು ಮಾತ್ರ ತಡೆಯಲಾಗಲಿಲ್ಲ. ಮಡಿಸಿದ ಅಂಗಿಯನ್ನು ಇವರ ಮುಖದ ಮೇಲೆ ಎಸೆದು ಹಿತ್ತಲಿಗೆ ಹೋದೆ.

ಹಿತ್ತಲಲ್ಲಿ ಮಾವ ನಿಂತಿದ್ದರು. ತಲೆ ಮೇಲಕ್ಕೆತ್ತಿ, ಕಣ್ಣು ಮುಚ್ಚಿ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಕೈಯಲ್ಲಿದ್ದ ಏನನ್ನೋ ಥಟ್ಟನೆ ಜೇಬಿಗೆ ಹಾಕಿಕೊಂಡರು. ಅಳುತ್ತಿದ್ದಾರೆ ಅಂದುಕೊಂಡೆ. ಅಳಲಿ, ಮಾಡಿದ್ದು ಕಮ್ಮಿಯೇ ಅಂತಲೂ ಅಂದುಕೊಂಡೆ.

ಸೀಟು ಮುಗಿದ ದಿನ ಮಾವ ಊಟದ ಹೊತ್ತಿಗೆ ಗಂಟಲು ಸರಿಮಾಡಿಕೊಂಡು ಅತ್ತೆಗೆ, "ನಾಳೆ ಬೆಳಿಗ್ಗೆ ದೋಣಿಗೆ ಬಾ," ಅಂದರು.

ಅತ್ತೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. "ಯಾಕೆ?"

"ಬಾ ಅಂದ್ನಲ್ಲ. ಒಬ್ಬಳೇ ಬಾ."

ಅತ್ತೆ ಸೌಟನ್ನು ಪಾತ್ರೆಯೊಳಗೆ ಬಿಟ್ಟರು. ಮಾವ ಎದ್ದುಹೋದ ಮೇಲೆ ನನ್ನ ಹತ್ತಿರ ಪಿಸುಗುಟ್ಟಿದರು, "ನನ್ನನ್ನ ಮೊದಲು ಕೂರಿಸಿ ಬಾಯಿ ಮುಚ್ಚಿಸೋ ಪ್ಲಾನು. ಆಮೇಲೆ ದಿನಾ ಅವಳು. ಬೇರೆಯವಳಿಗೆ ಮಾಡಿಸಿದ ಸೀಟಲ್ಲಿ ನಾನು ಕೂರಲ್ಲ. ನೀನು ಹೋಗು. ಯಾರ್ಯಾರು ಹತ್ತುತ್ತಾರೆ ನೋಡ್ಕೊಂಡು ಬಾ."

"ನನ್ನನ್ನ ಕಂಡ್ರೆ ಇಳಿಸ್ತಾರೆ ಅತ್ತೆ."

"ಕಾಣಿಸ್ಕೋಬೇಡ. ಚಳಿ ಇದೆ, ನನ್ನ ಶಾಲು ಹೊದ್ಕೊಂಡು ಹೋಗು."

ನಸುಕಿನಲ್ಲಿ ಅತ್ತೆಯ ಬೂದು ಶಾಲು ತಲೆಯ ಮೇಲಿಂದ ಹೊದ್ದು ಜೆಟ್ಟಿಗೆ ಹೋದೆ. ಐಸಿನ ರಾಶಿಯ ಹಿಂದೆ ಅಡಗಿ ನೋಡುವುದು ನನ್ನ ಲೆಕ್ಕ. ಆದರೆ ಮೆಟ್ಟಿಲ ಹತ್ತಿರ ಹೆಜ್ಜೆ ಸದ್ದಾದದ್ದೇ ತಡ, ಮಾವ ತಲೆ ಎತ್ತಿದರು. ಬೆಳಕು ಆಗಲೇ ಮೂಡಿತ್ತು, ಅವರ ಅಂಗಿಯ ಗುಂಡಿ ನನಗೆ ಕಾಣುತ್ತಿತ್ತು. ಬೈಗಳಿಗೆ ತಯಾರಾಗಿ ನಿಂತೆ.

"ಬಂದ್ಯಾ?" ಅಂದರು.

ಆ ದನಿಯನ್ನು ನಾನು ಆ ಮನೆಯಲ್ಲಿ ಒಂದು ದಿನವೂ ಕೇಳಿರಲಿಲ್ಲ.

"ಬರಲ್ಲ ಅಂದ್ಕೊಂಡಿದ್ದೆ. ನಿಧಾನ, ಇಲ್ಲಿ ಕಾಲಿಡು. ಮೊಣಕಾಲು ಜೋಪಾನ." ಕೈ ಚಾಚಿದರು. ಏನು ಮಾಡಬೇಕೋ ತಿಳಿಯದೆ ಹಿಡಿದುಕೊಂಡು ಇಳಿದೆ. ಅವರ ಮುಖ ನನ್ನ ಮುಖದಿಂದ ಒಂದು ಮೊಳ ದೂರದಲ್ಲಿತ್ತು. ಕಣ್ಣು ನನ್ನ ಮೇಲೇ ಇತ್ತು, ಆದರೂ ನಾನು ಅವರಿಗೆ ಅತ್ತೆಯೇ ಆಗಿದ್ದೆ.

"ಕೂತ್ಕೋ. ನಿನ್ನ ಕುರ್ಚಿ ಅಳತೆನೇ. ಅದನ್ನ ತಗೊಂಡು ಹೋಗಿದ್ದಕ್ಕೆ ಏನೆಲ್ಲ ಅಂದ್ಬಿಟ್ಟೆ." ಹಗ್ಗ ಬಿಚ್ಚಿ, ದಡವನ್ನು ಒದ್ದು ದೋಣಿಯನ್ನು ದೂರ ತಳ್ಳಿದರು. "ಇಡೀ ಬೆಳಿಗ್ಗೆ ಕೂರಬೇಕಲ್ಲ, ಅದಕ್ಕೇ ಸ್ಪಂಜು ಜಾಸ್ತಿ ಹಾಕ್ಸಿದೆ. ಮನೇಲಿ ಹೇಳೋಕಾಗಲ್ಲ ಕಣೇ, ಆ ಕಳ್ಳಿ ಇರ್ತಾಳೆ. ನನ್ನ ಕಣ್ಣು ಹೋಗ್ತಿದೆ. ಡಾಕ್ಟ್ರಿಗೆ ತೋರಿಸ್ದೆ, ನರ ಒಣಗಿದೆಯಂತೆ. ಹೋಗಿದ್ದು ಬರಲ್ಲ, ಇರೋದು ಉಳೀಲಿ ಅಂತ ಕಣ್ಣಿಗೆ ಬಿಡೋ ಹನಿ ಕೊಟ್ಟಿದ್ದಾರೆ. ದಡ ಮಸುಕು ಮಸುಕು. ನೀನು ಹಿಂದೆ ನೋಡಿ ಹೇಳ್ತಾ ಹೋದ್ರೆ ಸಾಕು, ದೋಣಿ ನಾನು ನಡೆಸ್ತೀನಿ. ಬೇರೆ ಯಾರನ್ನ ನಂಬಲಿ ಹೇಳು?"

ಇನ್ನು ಸುಮ್ಮನಿದ್ದರೆ ನಿಜವಾಗಿಯೂ ಕಳ್ಳಿಯಾಗುತ್ತಿದ್ದೆ.

"ಮಾವ," ಅಂದೆ. "ನಾನು."

ಚುಕ್ಕಾಣಿಯ ಮೇಲಿದ್ದ ಅವರ ಕೈ ಬಿಗಿಯಿತು.

"ಅವಳು ಕಳ್ಸಿದ್ದಾ?"

"ಹೂಂ."

"ನೋಡ್ಕೊಂಡು ಬಾ ಅಂತಾನಾ?"

"ಹೂಂ."

"ನೋಡಿದ್ಯಲ್ಲ. ದಡಕ್ಕೆ ಬಿಡ್ತೀನಿ, ಇಳಿ. ಹೋಗಿ ಊರಿಗೆಲ್ಲ ಸಾರು."

"ಇಳಿಯಲ್ಲ," ಅಂದೆ. ಎಲ್ಲಿತ್ತೋ ಸಿಟ್ಟು, ಬಾಯಿಗೆ ಬಂತು. "ಕಳ್ಳಿ ಅಂತ ಹೆಸರಿಟ್ಟಿದೀರಿ. ಕದ್ದ ಜಾಗ ಹೇಗಿದೆ ಅಂತಾದ್ರೂ ನೋಡ್ತೀನಿ. ಕರ್ಕೊಂಡು ಹೋಗಿ."

ಅವರು ಇಂಜಿನ್ ಶುರು ಮಾಡಿದರು. ಬೇರೆ ದಾರಿ ಅವರಿಗೂ ಇರಲಿಲ್ಲ, ಅತ್ತೆ ಬಂದಿರಲಿಲ್ಲವಲ್ಲ. ನಾನು ಆ ದಪ್ಪ ಸ್ಪಂಜಿನ ಮೇಲೆ, ಎರಡೂ ಕಡೆ ಹಿಡಿ ಹಿಡಿದು, ಊರಿನ ಕಡೆಗೆ ಮುಖ ಮಾಡಿ ಕೂತೆ. ನಿಜಕ್ಕೂ ಸುಖವಾಗಿತ್ತು. ಮಾವ ಚುಕ್ಕಾಣಿ ಹಿಡಿದು ನಿಂತು ಕ್ಷಣಕ್ಕೊಮ್ಮೆ ಹಿಂದಕ್ಕೆ ತಿರುಗಿ ಕಣ್ಣು ಕಿರಿದು ಮಾಡುತ್ತಿದ್ದರು. ಊರು ಚಿಕ್ಕದಾಗುತ್ತ ಹೋಯಿತು. ಕೊನೆಗೆ ಇಂಜಿನ್ ನಿಲ್ಲಿಸಿ, "ಇಲ್ಲೇ," ಅಂದರು.

ನಾನು ದಡ ನೋಡಿದೆ. ದೀಪಸ್ತಂಭ ಅಲೆತಡೆ ಗೋಡೆಯ ತುದಿಯ ಮೇಲೆ ನೇರ ನಿಂತಿತ್ತು. ಇನ್ನೊಂದು ಕಡೆ ಮತ್ತೆರಡು ಕೂಡಿದ್ದವು, ಯಾವುವು ಅಂತ ಕೇಳಬೇಡಿ. ಇದನ್ನು ನಾನು ಮೊದಲೇ ನೋಡಿದ್ದೆ. ಅಣ್ಣ ಸ್ಕೂಲಿಗೆ ಹೋಗುತ್ತಿದ್ದಾಗ, ಮನೆಯಲ್ಲಿ ಹಟ ಮಾಡುತ್ತೇನೆಂದು ಅಪ್ಪ ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗುತ್ತಿದ್ದ. ನನ್ನ ಎದುರಿಗೇ ಗುರುತು ಬಾಯಿಬಿಟ್ಟು ಹೇಳಿಕೊಳ್ಳುತ್ತಿದ್ದ. ಹೆಣ್ಣು ಹುಡುಗಿ, ಇವಳಿಗ್ಯಾಕೆ ನೆನಪಿರುತ್ತೆ ಅಂತ. ನನಗೆ ಒಂದೊಂದೂ ನೆನಪಿದೆ. ಅದು ನಮ್ಮಪ್ಪನ ಬಂಡೆ.

ಒಂದು ಮಾತು ಆಡಿದ್ದರೆ ಸಾಕಿತ್ತು. ನಾನು ಕಳ್ಳಿಯಲ್ಲ, ಇವರು ಕಳ್ಳರಲ್ಲ, ನನ್ನಣ್ಣ ಕಳ್ಳನಲ್ಲ, ಬಂದು ನಿಂತವರು ನೀವು ಅಂತ ಎದುರಿಗೇ ತೋರಿಸಬಹುದಿತ್ತು. ಆದರೆ ತೋರಿಸುವುದೆಂದರೆ ತವರಿನ ಗುರುತನ್ನು ಮಾವನ ಕೈಗೆ ಕೊಡುವುದು. ಆಗ ಅವರು ಇಷ್ಟು ದಿನ ಅಂದದ್ದು ನಿಜವಾಗುತ್ತಿತ್ತು, ಕದ್ದದ್ದು ಯಾವ ಮನೆಯಿಂದ ಅನ್ನುವುದು ಮಾತ್ರ ಬೇರೆ. ನನಗೆ ಅಳು ಬಂತು.

"ಮಾವ, ನಿಮ್ಮ ಗುರುತು ನನಗೆ ಬೇಡ," ಅಂದೆ. "ಇಲ್ಲೇ ಅಂತ ಹೇಗೆ ಗೊತ್ತಾಯ್ತು ಅಷ್ಟು ಹೇಳಿ."

ಅವರು ಹೇಳಲೋ ಬೇಡವೋ ಎಂದು ಒದ್ದಾಡಿ, "ಬೇರೆ ಯಾವುದೂ ಕಾಣಲ್ಲ ಈಗ," ಅಂದರು. "ನೀರಿನ ಟ್ಯಾಂಕ್ ಒಂದು ಕಾಣುತ್ತೆ. ಸ್ಕೂಲಿನ ಕೆಂಪು ಹೆಂಚಿನ ಮೇಲೆ ಬೆಳ್ಳಗೆ ಬಂದಾಗ ನಿಲ್ಸ್ತೀನಿ. ಉಳಿದಿದ್ದು ಅಂದಾಜು."

"ಬೆಳ್ಳಗಾ?"

"ಬೆಳ್ಳಗೆ. ಈಗ ಕಾಣ್ತಿಲ್ವಾ, ಹೆಂಚಿನ ಮೇಲೆ?"

"ಟ್ಯಾಂಕ್ ಪಾಚಿ ಹಿಡಿದು ಕಪ್ಪಾಗಿದೆ ಮಾವ. ಅದು ಹೆಂಚಿನ ಹತ್ರ ಇಲ್ಲವೇ ಇಲ್ಲ. ಹೆಂಚಿನ ಮೇಲೆ ಬೆಳ್ಳಗಿರೋದು ಲಾಡ್ಜು."

ಮಾವ ಹಿಂದಕ್ಕೆ ತಿರುಗಿದವರು ತಿರುಗಿಕೊಂಡೇ ನಿಂತರು. ಅಂಗೈಯಿಂದ ಕಣ್ಣು ಉಜ್ಜಿಕೊಂಡು ಮತ್ತೆ ನೋಡಿದರು. ಲಾಡ್ಜು ಎದ್ದದ್ದು ಈ ಸಲ. ಜಗಳ ಎದ್ದದ್ದೂ ಈ ಸಲ. ಅದನ್ನು ಅವರೇ ಕೂಡಿಸಿಕೊಳ್ಳುವುದನ್ನು ನಾನು ನೋಡುತ್ತ ಕೂತೆ.

"ಹಾಗಾದ್ರೆ ಈಗ ನಾವೆಲ್ಲಿದೀವಿ?"

ನಾನು ದಡದ ಕಡೆಗೇ ಮುಖ ಮಾಡಿ ಕೂತೆ.

"ನಿಮ್ಮಪ್ಪನ ಜಾಗಾನಾ ಇದು?"

"ಗೊತ್ತಿಲ್ಲ ಮಾವ."

"ಗೊತ್ತಿಲ್ವಾ, ಹೇಳಲ್ವಾ?"

"ಹೇಳಲ್ಲ."

"ನಿನ್ನ ಗಂಡನಿಗೆ ಹೇಳಿದೀಯಾ?"

"ಅವರಿಗೂ ಇಲ್ಲ. ಅದು ತವರಿನದು."

ಮಾವ ಚುಕ್ಕಾಣಿ ಬಿಟ್ಟು ದೋಣಿಯ ಅಂಚಿಗೆ ಕೂತರು. "ಹೇಳಲ್ಲ ಅಂದ್ಯಲ್ಲ," ಅಂದರು ಕೊನೆಗೆ, "ಅಷ್ಟು ಸಾಕು." ಆಮೇಲೆ ಎದ್ದು, ಮುಖ ತಿರುಗಿಸಿಕೊಂಡೇ, ಮಗನಿಗೂ ಹೇಳದ ತಮ್ಮ ಇನ್ನೊಂದು ಗುರುತನ್ನೂ ನನಗೆ ಹೇಳಿದರು. ಅದು ಏನೆಂದು ಇಲ್ಲಿ ಬರೆಯುವುದಿಲ್ಲ.

"ಇನ್ನೂ ಸ್ವಲ್ಪ ಆಚೆ ಹೋಗಬೇಕು ಮಾವ," ಅಂದೆ ದಡ ನೋಡಿ.

"ಅವನೂ ಹಂಗೇ ಅಂದಿದ್ದ," ಅಂದರು.

ನಾನು ಹೇಳುತ್ತ ಹೋದೆ, ಅವರು ನಡೆಸುತ್ತ ಹೋದರು. ಎಲ್ಲ ಕೂಡಿದ ಕಡೆ ಸುತ್ತ ಒಂದು ದೋಣಿಯೂ ಇರಲಿಲ್ಲ. ಗಾಳ ಬಿಟ್ಟ ಸ್ವಲ್ಪ ಹೊತ್ತಿಗೇ ದಾರ ಬಿಗಿಯಿತು. ಬೆರಳಲ್ಲಿ ಅದು ಎಳೆಯುವ ರೀತಿಯಿಂದಲೇ ಮೀನು ಯಾವುದೆಂದು ಹೇಳಿ, ಮಾವ ಮಗುವಿನ ಹಾಗೆ ನಕ್ಕರು.

ಬರುವಾಗ ನಾನು, "ಮನೇಲಿ ನೀವೇ ಹೇಳಬೇಕು," ಅಂದೆ. ಹೂಂ ಅಂದರು. ಆದರೆ ಆ ದಿನ ಹೇಳಲಿಲ್ಲ, ಮರುದಿನವೂ ಹೇಳಲಿಲ್ಲ. ಬಾಯಿಬೀಗ ಅಷ್ಟು ಸುಲಭಕ್ಕೆ ತೆರೆಯುತ್ತದೆಯೇ? ಎರಡು ದಿನ ನನ್ನ ಪಾಡು ಹೇಳತೀರದು.

"ಯಾರು ಹತ್ತಿದ್ರು?" ಅಂದರು ಅತ್ತೆ.

"ಯಾರೂ ಹತ್ತಲಿಲ್ಲ ಅತ್ತೆ."

"ಹಾಗಾದ್ರೆ ಬುಟ್ಟಿ ತುಂಬಾ ಮೀನು ಎಲ್ಲಿಂದ ಬಂತು? ನಿನ್ನ ಮುಖ ಯಾಕೆ ಹಂಗಿದೆ? ನಿನ್ನನ್ನೂ ಒಳಗೆ ಹಾಕ್ಕೊಂಡ್ರಾ?"

ಇವರೂ ಬಿಡಲಿಲ್ಲ. "ಅಪ್ಪನ ಪಾರ್ಟಿ ಸೇರಿಬಿಟ್ಟೆಯಲ್ಲ. ಏನು ಮಾತಾಯ್ತು ಹೇಳು."

"ಅವರನ್ನೇ ಕೇಳಿ," ಅಂದು ಪಾತ್ರೆ ತೊಳೆಯಲು ಎದ್ದೆ. ಬಾಯಿಗೆ ಬೀಗ ಹಾಕಿಕೊಂಡವರ ಕಷ್ಟ ಏನೆಂದು ಆಗ ಸ್ವಲ್ಪ ತಿಳಿಯಿತು.

ಮೂರನೆಯ ರಾತ್ರಿ ಊಟದ ನಡುವೆ ಮಾವ ತಟ್ಟೆಯ ಮೇಲೆ ಕೈ ಹಾಗೇ ಬಿಟ್ಟುಕೊಂಡು, ಮಗನ ದನಿ ಬಂದ ಕಡೆಗೆ ಮುಖ ಮಾಡಿ ಹೇಳಿದರು. "ನಿನ್ನ ಭಾವಮೈದುನ ನನ್ನ ಜಾಗಕ್ಕೆ ಬಂದಿರಲಿಲ್ಲ. ನಾನೇ ಅವನ ಜಾಗಕ್ಕೆ ಹೋಗಿದ್ದೆ. ನನಗೆ ಕಣ್ಣು ಕಾಣಲ್ಲ."

ಇವರು ಕೈಯಲ್ಲಿದ್ದ ತುತ್ತು ಕೆಳಗಿಟ್ಟರು. ಎಲ್ಲವನ್ನೂ ಕೇಳಿಸಿಕೊಂಡರು, ಲಾಡ್ಜಿನ ಗೋಡೆಯವರೆಗೆ. ಆಮೇಲೆ, "ಬೆನ್ನಿನ ಚರ್ಮ ಸುಲಿದು ಹೋಗಿದೆ ಐಸ್ ಹೊತ್ತು," ಅಂದರು. "ನೋಡಪ್ಪಾ ಅಂದ್ರೆ ಅದೂ ಕಾಣಲ್ಲ ನಿನಗೆ." ಎದ್ದು ಕೈ ತೊಳೆದು ಹೊರಗೆ ಹೋದರು. ರಾತ್ರಿ ನನ್ನ ಹತ್ತಿರ ಬಂದು ಏನೋ ಹೇಳಲು ಬಾಯಿ ತೆರೆದರು. "ಬೇಡ," ಅಂದೆ. "ಇನ್ನೊಂದು ಸಲ ಕೇಳಿದ್ರೆ ಎಸೆಯೋದು ಅಂಗಿ ಆಗಿರಲ್ಲ." ನಕ್ಕರು, ಕಣ್ಣಲ್ಲಿ ನೀರಿತ್ತು. ನಾನು ಕ್ಷಮಿಸಿದ್ದು ಅದಕ್ಕೂ ಕೆಲವು ದಿನ ಕಳೆದ ಮೇಲೆ.

ಅತ್ತೆ ಮಾತ್ರ ತಗ್ಗಿನ ಕುರ್ಚಿಯ ಮೇಲೆ ಕೂತಲ್ಲೇ ಕೂತಿದ್ದರು. "ನನ್ನ ಕುರ್ಚಿ ಅಳತೆ ಅಂತ ಬಾಯಲ್ಲಿ ಹೇಳೋಕೆ ಏನಾಗಿತ್ತು ನಿಮಗೆ?" ಅಂದರು. "ಆ ಲಾಡ್ಜಿನವಳಿಗೆ ದಿನಾ ಎಷ್ಟು ಶಾಪ ಹಾಕಿದೀನಿ!" ಹೇಳುತ್ತಲೇ ಮಾವನ ತಟ್ಟೆಯನ್ನು ತಮ್ಮ ಕಡೆ ಎಳೆದುಕೊಂಡು, ಮೀನಿನ ಮುಳ್ಳು ಒಂದೊಂದೇ ಬಿಡಿಸಿ, ಹೂವಿನಂಥ ಮೀನನ್ನು ಅನ್ನದ ಮೇಲಿಟ್ಟು ಹಿಂದಕ್ಕೆ ತಳ್ಳಿದರು.

ನನ್ನಣ್ಣನ ಮನೆಗೆ ಮಾವ ಹೋಗಲಿಲ್ಲ. ಅಷ್ಟು ದೊಡ್ಡತನ ಒಂದೇ ಸಲಕ್ಕೆ ಬರುವುದಿಲ್ಲ. ಆದರೆ ಒಂದು ಸಂಜೆ ಜೆಟ್ಟಿಯಲ್ಲಿ ಜನ ತುಂಬಿರುವಾಗ, ನನ್ನಣ್ಣನ ದೋಣಿ ಬಂದು ನಿಂತ ಸದ್ದು ಕೇಳಿ ಎದ್ದು ನಿಂತು, ಎಲ್ಲರಿಗೂ ಕೇಳುವ ಹಾಗೆ ಕೂಗಿದರು: "ಆ ಜಾಗ ನಿಂದೇ ಕಣಯ್ಯ!"

"ಅದು ನನಗೆ ಗೊತ್ತು," ಅಂತ ಕೂಗಿದ ನನ್ನಣ್ಣ. ಮುಂದಿನ ವಾರ ನಮ್ಮ ಮನೆಗೆ ಊಟಕ್ಕೆ ಬಂದ. ಬರುವಾಗ ಮುಖ ಊದಿಸಿಕೊಂಡಿದ್ದ, ಹೋಗುವಾಗ ಇರಲಿಲ್ಲ.

ಇವರು ಐಸ್ ಫ್ಯಾಕ್ಟರಿ ಬಿಡಲು ಇನ್ನೂ ಕೆಲವು ವಾರ ಹಿಡಿಯಿತು. ಬಿಟ್ಟ ಮೇಲೆ ದೋಣಿಯ ಹಿಂಭಾಗದಲ್ಲಿ ಚುಕ್ಕಾಣಿ ಹಿಡಿದು ನಿಂತವರು ಇವರು. ಮಾವ ಗುರುತನ್ನೂ ಕೊಟ್ಟರು, ಅದನ್ನು ನೋಡಲು ಈಗ ಇವರ ಕಣ್ಣೇ ಸಾಕು. ಅತ್ತೆ ಒಂದು ಸಂಜೆ ಬಂದು ಸೀಟಿನಲ್ಲಿ ಕೂತು, ಸ್ಪಂಜು ಒತ್ತಿ ನೋಡಿ, ಪರವಾಗಿಲ್ಲ ಅಂದು ಇಳಿದರು. ದೋಣಿ ಅಲ್ಲಾಡುವುದು ಅವರಿಗೆ ಆಗುವುದಿಲ್ಲವಂತೆ. ಹಾಗಾಗಿ ಆ ಸೀಟಿನ ಖಾಯಂ ಪ್ಯಾಸೆಂಜರ್ ಮಾವನೇ. ತಗ್ಗಿನ ಸೀಟು, ಉದ್ದ ಕಾಲು, ಮೊಣಕಾಲು ಎದೆಯವರೆಗೆ ಬರುತ್ತದೆ. ಬೇರೆ ಮಾಡಿಸಿಕೊಳ್ಳಿ ಅಂದರೆ ಒಪ್ಪಲಿಲ್ಲ.

ಅಪ್ಪ ಮಗ ಮತ್ತೆ ಒಟ್ಟಿಗೆ ಹೊರಟ ಮೊದಲ ಬೆಳಿಗ್ಗೆ ಬುತ್ತಿ ಕೊಡಲು ನಾನು ಜೆಟ್ಟಿಗೆ ಹೋಗಿದ್ದೆ. ಕೊಟ್ಟು ಬರಬೇಕಾದವಳು ಅಲ್ಲೇ ನಿಂತೆ. ಇವರು ಹಗ್ಗ ಬಿಚ್ಚಿ, ದಡವನ್ನು ಒದ್ದು ದೋಣಿಯನ್ನು ದೂರ ತಳ್ಳಿದರು. ಮಾವ ಎರಡೂ ಕಡೆ ಹಿಡಿ ಹಿಡಿದು, ದಡಕ್ಕೆ ಮುಖ ಮಾಡಿ, ನನ್ನತ್ತಲೇ ನೋಡುತ್ತ ಕೂತಿದ್ದರು. ನಾನು ಕೈ ಎತ್ತಿದೆ. ಅವರು ಎತ್ತಲಿಲ್ಲ. ಇಂಜಿನ್ ಇನ್ನೂ ಶುರುವಾಗಿರಲಿಲ್ಲ, ನೀರಿನ ಮೇಲಿಂದ ಮಾತು ಚೆನ್ನಾಗಿ ಕೇಳುತ್ತಿತ್ತು.

"ನಿಲ್ಲು, ಈಗ್ಲೇ ಹೊರಡಬೇಡ," ಅಂದರು ಮಾವ. "ದಡದಲ್ಲಿ ಏನೋ ನಿಂತ ಹಾಗಿದೆ. ಯಾರದು, ನಾವು ಹೋಗೋದನ್ನ ನೋಡ್ತಿರೋದು?"

"ನಿನ್ನ ಸೊಸೆ ಅಪ್ಪಾ."

"ಅವಳಾ?" ಅಂದರು. "ನೋಡಲಿ ಬಿಡು."

ಇವರು ಇಂಜಿನ್ ಶುರು ಮಾಡಿದರು. ದೋಣಿ ಎಡಕ್ಕೆ ತಿರುಗದೆ, ನೇರ ಬಲಕ್ಕೆ ಹೊರಟಿತು.